ಕುರಿಯ ಬೇನೆಗೆ ಎತ್ತಿನ ರಕ್ತ ಕೇಳಿದ ಡಾಕ್ಟರಮ್ಮ

ನವೆಂಬರ್ ಹದಿನೇಳು, ಸೋಮವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ಮೇಡಂ ಅವರ ಎಡಗೈ ಹೆಬ್ಬೆರಳಿನ ಒಂದೇ ಬದಿಯಲ್ಲಿ ಅರ್ಧಚಂದ್ರನಂಥ ಒಂದು ಗಾಯದ ಗುರುತಿತ್ತು. ಕುರಿಯ ಬಾಯಿ ತೆರೆದು ನಾಲಿಗೆ ನೋಡುವಾಗ ಕಚ್ಚಿಸಿಕೊಂಡದ್ದು. ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಕಣ್ಣು ಅದರ ಮೇಲೆ ಬಿತ್ತು.

"ಒಂದೇ ಕಡೆ ಯಾಕೆ ಮೇಡಂ ಗಾಯ?"

"ಕುರಿಗೆ ಮೇಲ್ಗಡೆ ಮುಂದಿನ ಹಲ್ಲು ಎಲ್ಲೈತೆ? ಹಲ್ಲೇ ಇಲ್ಲದ ಕಡೆ ಗಾಯ ಎಲ್ಲಿಂದ ಬರ್ಬೇಕು? ಕೊಟ್ಟೂರಲ್ಲಿ ಹುಟ್ಟಿ ಇಲ್ಲಿತನಕ ಒಂದು ಕುರಿ ಬಾಯಿ ನೋಡಿಲ್ಲೇನಮ್ಮ ನೀನು?"

ನೋಡಿರಲಿಲ್ಲ. ನಮ್ಮ ಅಬ್ಬಾ ಕೊಟ್ಟೂರಿನಲ್ಲಿ ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಮಾಡುವವರು. ಬಕ್ರೀದಿಗೆ ಬಿಟ್ಟರೆ ನಮ್ಮ ಮನೆಗೂ ಕುರಿಗೂ ನಂಟಿಲ್ಲ. ಕಾಲೇಜು ಮುಗಿಸಿ ಹಗರಿಬೊಮ್ಮನಹಳ್ಳಿಯ ಎರಡು ಕೋಣೆಯ ಪಶುರೋಗ ಲ್ಯಾಬಿಗೆ ತಾತ್ಕಾಲಿಕ ಸಹಾಯಕಿಯಾಗಿ ಸೇರಿದ್ದೆ. ಆ ಲ್ಯಾಬಿಗೆ ಅವರೊಬ್ಬರೇ ಡಾಕ್ಟರು. ಹರಪನಹಳ್ಳಿಯವರು. ಐದು ತಾಲೂಕಿನ ಕುರಿಗಾರರೂ ರೈತರೂ ಅವರನ್ನು ಕರೆಯುತ್ತಿದ್ದದ್ದು ಡಾಕ್ಟರಮ್ಮ ಎಂದೇ. ನಾನು ಮಾತ್ರ ಕೊನೆಯವರೆಗೂ ಮೇಡಂ ಎಂದೆ.

ಮೇಡಂ ಎತ್ತರದ ಆಳಲ್ಲ. ಸೀರೆಯನ್ನು ಮೊಣಕಾಲಿನ ಕೆಳಗೆ ಒಂದು ಗೇಣು ಎತ್ತಿ ಕಟ್ಟಿ, ಗಂಡಸರ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ಮಂಡಕ್ಕಿ ಮೆಣಸಿನಕಾಯಿ ಕಂಡರೆ ಪ್ರಾಣ. ಆದರೆ ರಕ್ತದ ಕೆಲಸ ಮುಗಿದು ಕೈ ಮೂರು ಸಲ ತೊಳೆಯುವವರೆಗೆ ಪೊಟ್ಟಣ ಬಿಚ್ಚುತ್ತಿರಲಿಲ್ಲ. ಇಲಾಖೆಯ ಜೀಪು ವರ್ಷದಲ್ಲಿ ಅರ್ಧ ಕಾಲ ಗ್ಯಾರೇಜಿನಲ್ಲೇ ಇರುತ್ತಿದ್ದರಿಂದ ನಮ್ಮ ಓಡಾಟವೆಲ್ಲ ಬಸ್ಸಿನಲ್ಲಿ. ಐಸ್ ತುಂಬಿದ ನೀಲಿ ಪೆಟ್ಟಿಗೆಗೆ ಕಿಟಕಿಯ ಸೀಟು, ಅದಕ್ಕೆ ಬಿಸಿಲು ಬಿದ್ದರೆ ಅವರದೇ ಸೆರಗಿನ ಮರೆ. ಒಮ್ಮೆ ಕೂಡ್ಲಿಗಿಯಿಂದ ಬರುವಾಗ ಕಂಡಕ್ಟರ್ ರೇಗಿಸಿದ.

"ಮೇಡಮ್ಮಾರ, ಪೆಟ್ಟಿಗಿ ಒಂದು ಸೀಟು ಹಿಡದೈತಿ. ಅದಕ್ಕೂ ಟಿಕೆಟ್ ತಗೋರಿ ಮತ್ತ."

"ಹೆಂಗಸರಿಗೆ ಬಸ್ಸು ಪುಕ್ಕಟೆ ಅಲ್ಲೇನಪ್ಪ? ಇದರೊಳಗೆ ಇರೋದೆಲ್ಲ ಹೆಣ್ಣು ಕುರಿ ರಕ್ತ."

ಬಸ್ಸಿಗೆ ಬಸ್ಸೇ ನಕ್ಕಿತು. ಮೇಡಂ ನಗಲಿಲ್ಲ. ಪೆಟ್ಟಿಗೆಯ ಮುಚ್ಚಳ ಭದ್ರವಾಗಿದೆಯೇ ಎಂದು ಒತ್ತಿ ನೋಡಿದರು.

ಅವರ ಕೆಲಸದ ರೀತಿ ಬೇರೆಯವರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಒಂದು ಊರಿನಲ್ಲಿ ಕುರಿಗೆ ಬೇನೆ ಎಂದು ಕರೆ ಬಂದರೆ ಕುರಿಯನ್ನು ನೋಡುವುದು ಸರಿಯೇ. ಅದರ ಜೊತೆಗೆ ಏನೂ ಆಗದೆ ಮೇಯುತ್ತಿರುವ ಎತ್ತು, ಎಮ್ಮೆ, ಆಡುಗಳ ರಕ್ತವೂ ಅವರಿಗೆ ಬೇಕು. ಎಷ್ಟೋ ವೈರಸ್ಸುಗಳು ಒಂದು ಜಾತಿಯ ಪ್ರಾಣಿಯನ್ನು ನೆಲಕ್ಕೆ ಕೆಡವಿ, ಇನ್ನೊಂದರ ಮೈಯಲ್ಲಿ ಸದ್ದಿಲ್ಲದೆ ಕುಳಿತಿರುತ್ತವೆ. ಕುಳಿತಿರುವುದನ್ನು ಹುಡುಕದೆ ಬಿದ್ದದ್ದನ್ನು ಮಾತ್ರ ನೋಡಿದರೆ ಮುಂದಿನ ವರ್ಷ ಅದೇ ಊರಿಗೆ ಮತ್ತೆ ಹೋಗಬೇಕಾಗುತ್ತದೆ. ಇದನ್ನು ಅವರು ನನಗೆ ಪಾಠ ಮಾಡಿ ಹೇಳಲಿಲ್ಲ. "ಅಳೋ ಮನೆಗೆ ಎಲ್ರೂ ಹೋಗ್ತಾರೆ. ನಾವು ಪಕ್ಕದ ಮನೆ ಬಾಗಿಲೂ ತಟ್ಟಾಣ" ಎಂದರು, ಅಷ್ಟೇ.

ಹೊಗಳಿಕೆ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಚೀಟಿಯಲ್ಲಿ ಒಂದು ಅಕ್ಷರ ಅಲುಗಿದರೆ ಹರಿದು ಮತ್ತೆ ಬರೆಸುತ್ತಿದ್ದರು. ಕುರಿ ಕಳೆದುಕೊಂಡು ಅಳುವವರ ಮುಂದೆ ಒಂದು ಸಮಾಧಾನದ ಮಾತು ಆಡದೆ, "ಯಾವತ್ತಿಂದ ಮೇವು ಬಿಟ್ಟಿತ್ತು?" ಎಂದು ಕೇಳುವರು. ಇದು ನನಗೆ ಹಿಡಿಸುತ್ತಿರಲಿಲ್ಲ. ಹೋದ ವರ್ಷದ ಅಕ್ಟೋಬರ್‌ನಲ್ಲಿ ನಡೆದ ಸಂಗತಿಯನ್ನು ಬರೆದರೆ ಮೇಡಂ ಎಂಥವರೆಂದು ತಿಳಿಯುತ್ತದೆ.

ಹಡಗಲಿ ಕಡೆಯ ಒಂದು ಹಳ್ಳಿಯಿಂದ ಕರೆ ಬಂತು. ಊರಿನ ಕುರಿಗಳಿಗೆ ಜ್ವರ, ತುಟಿ ಬಾವು, ಜೊಲ್ಲು; ನಾಲಿಗೆ ಊದಿ ನೀಲಿಗಟ್ಟಿ ಕೆಲವು ಸತ್ತಿವೆ. ಅದಕ್ಕೆ ಸ್ವಲ್ಪ ಮೊದಲು ಗುಡೇಕೋಟೆ ಕಡೆಯ ಒಂದು ಹಿಂಡು ಆ ಊರಿಗೆ ಮೊದಲ ಸಲ ಬಂದಿತ್ತು. ರಾತ್ರಿ ಹೊಲದಲ್ಲಿ ಹಿಂಡನ್ನು ತರುಬಿದರೆ, ಎಂದರೆ ಕೂಡಿ ನಿಲ್ಲಿಸಿದರೆ, ಹೊಲಕ್ಕೆ ಗೊಬ್ಬರ. ಪ್ರತಿಯಾಗಿ ಕುರಿಯವರಿಗೆ ಜೋಳ. ಅಂಥ ಕರಾರಿನ ಮೇಲೆ ಬಂದವರು. ಊರಿನ ಕುರಿ ಬಿದ್ದದ್ದೇ ತಡ, ಬೇನೆ ತಂದವರು ಇವರೇ ಎಂದು ತೀರ್ಮಾನವಾಗಿ, ಹಿಂಡನ್ನು ಊರಾಚೆಯ ಕೆರೆಯಂಗಳಕ್ಕೆ ಓಡಿಸಿದ್ದರು.

ನಾವು ಹೋದದ್ದು ಸೋಮವಾರ. ಅದು ಮೇಡಂ ಆರಿಸಿದ ವಾರ. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಎಲ್ಲ ಕೊಟ್ಟಿಗೆಯಲ್ಲೇ ಸಿಗುತ್ತವೆ ಎಂಬ ಲೆಕ್ಕ. ಊರ ಕುರಿಗಳ ರಕ್ತ ತೆಗೆದಾದ ಮೇಲೆ ಮೇಡಂ ಎತ್ತುಗಳ ರಕ್ತ ಕೇಳಿದರು. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯ ರೈತರೊಬ್ಬರು ಎದ್ದು ನಿಂತರು. ಊರಿನವರು ಅವರನ್ನು ಯಜಮಾನ್ರು ಎನ್ನುತ್ತಿದ್ದರು.

"ಡಾಕ್ಟ್ರಮ್ಮಾರ, ಬ್ಯಾನಿ ಬಂದಿರೋದು ಕುರಿಗೆ. ಎತ್ತಿನ ರಕ್ತ ಯಾಕ ನಿಮಗ? ಸೊಸಿಗೆ ಜ್ವರ ಬಂದ್ರ ಅತ್ತಿಗೆ ಸೂಜಿ ಚುಚ್ತೀರೇನು?"

"ಅತ್ತೆ ಗಟ್ಟಿಮುಟ್ಟಾಗಿದ್ರೆ ಮೊದ್ಲು ಅವಳಿಗೇ ಚುಚ್ತೀನಿ."

ಕಟ್ಟೆಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಯಜಮಾನರು ಮಾತ್ರ ಮೆತ್ತಗಾಗಲಿಲ್ಲ. "ನಗಾಡ ಮಾತಲ್ಲ ಇದು. ಇವತ್ತು ಬಸವಣ್ಣನ ವಾರ. ಹೆಗಲ ಮ್ಯಾಲ ನೊಗಾನ ಇಡಂಗಿಲ್ಲ ನಾವು. ಸೂಜಿ ಇಡಾಕ ಬಿಡ್ತೀವೇನು?"

ಸೋಮವಾರ ಎತ್ತು ಮನೆಯಲ್ಲಿರುತ್ತವೆ ಎಂಬ ಲೆಕ್ಕ ಸರಿಯಾಗಿತ್ತು. ಯಾಕೆ ಇರುತ್ತವೆ ಎಂಬುದನ್ನು ನಾವಿಬ್ಬರೂ ಮರೆತಿದ್ದೆವು. ಮೇಡಂ ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿದರು. "ತಪ್ಪು ನಂದೇ ಬಿಡಪ್ಪ. ನಾನೂ ಒಕ್ಕಲು ಮನೆಯವಳೇ, ಗೊತ್ತಿರಬೇಕಿತ್ತು. ನಾಳೆ ನೊಗ ಕಟ್ಟೋಕೆ ಮುಂಚೆ ಬರ್ತೀವಿ." ಆ ಮಾತಿಗೆ ಯಜಮಾನರ ಮುಖ ಸಡಿಲವಾಯಿತು. ಆ ದಿನ ನಮ್ಮ ಊಟ ಅವರ ಮನೆಯಲ್ಲೇ.

ಹೀಗೆ ಸಂಜೆ ಖಾಲಿ ಉಳಿದದ್ದರಿಂದ ನಾವು ಕೆರೆಯಂಗಳಕ್ಕೆ ಹೋದೆವು. ನೀರು ಹಿಂದೆ ಸರಿದು ಕೆಸರಾಗಿದ್ದ ಜಾಗ. ಅಂಚಿನಲ್ಲಿ ಬಲೆ ಕಟ್ಟಿ ಹಿಂಡನ್ನು ಕೂಡಿದ್ದರು. ಹಿಂಡಿನ ಯಜಮಾನಿಕೆ ಒಬ್ಬ ಮುದುಕಿಯದು. ಮಗಳು ಅಳಿಯ ಜೊತೆಗಿದ್ದರು. ಮುದುಕಿಯ ಬಲಗಿವಿಯಲ್ಲಿ ಬೆಳ್ಳಿಯ ಮುರುವು, ಹೆಗಲಲ್ಲಿ ಕರಿ ಕಂಬಳಿ. ಅವರನ್ನು ಇಲ್ಲಿ ದೊಡ್ಡವ್ವ ಎಂದೇ ಬರೆಯುತ್ತೇನೆ.

"ಬರ್ರೆವ್ವಾ, ನೀವಾರ ಬಂದ್ರೆಲ್ಲ. ನಮ್ಮ ನೆಳ್ಳು ಬಿದ್ರ ಎಮ್ಮಿ ಹಾಲು ಬತ್ತತಾವಂತ, ಊರಾಗ ಯಾರೂ ಈ ಕಡಿ ಹಾಯಾಕ ಒಲ್ರು."

ಮೇಡಂ ಆಗಲೇ ಒಂದು ಕುರಿಯ ದವಡೆ ಹಿಡಿದು ಬಾಯಿ ತೆರೆಸಿದ್ದರು. "ಇವು ಯಾವಾಗ ಬಿದ್ದದ್ದು?"

"ಮ್ಯಾಲಿನ ಹೊಲದಾಗ ತರುಬಿದಾಗ ಒಂದಕ್ಕೂ ಏನಾಗಿದ್ದಿಲ್ಲ ನೋಡ್ರಿ. ಇಲ್ಲಿಗೆ ಓಡ್ಸಿದ ಮ್ಯಾಲ ಬಾಯಿ ಬಾತು, ಕುಂಟಾಕ ಹತ್ತಿದ್ವು." ದೊಡ್ಡವ್ವ ಮೇಡಂ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. "ಯವ್ವಾ, ನೀ ಒಂದು ಮಾತು ಹೇಳಿಬಿಡು. ಬ್ಯಾನಿ ನಮ್ಮ ಕುರಿ ತಂದಿಲ್ಲಂತ. ಮುಂದಿನ ಊರಾಗ ಕರಾರು ಆಗಿತ್ತು, ಅವರೂ ಫೋನ್ ಮಾಡಿ ಬರಬ್ಯಾಡ್ರಿ ಅಂದಾರ. ದಾರಿಗುಂಟ ಸುದ್ದಿ ಹೋಗೈತಿ. ತರುಬಾಕ ಹೊಲ ಇಲ್ಲಂದ್ರ ಈ ಹಿಂಡು ಎಲ್ಲಿ ಹೊಡಕೊಂಡು ಹೋಗ್ಲಿ?"

"ಗೊತ್ತಿಲ್ಲದ್ದನ್ನ ಹೇಳಕ್ಕೆ ಬರಲ್ಲ ದೊಡ್ಡವ್ವ."

"ನಮ್ಮವು ಆಮ್ಯಾಲ ಬಿದ್ದಾವಂತ ಹೇಳಿದ್ನೆಲ್ಲ!"

"ನಮ್ಮ ನಾಟಿ ಕುರಿ ತಾನು ಬೀಳದೇನೂ ವೈರಸ್ಸು ಹೊತ್ಕೊಂಡು ಬರಬಹುದು. ನೋಡ್ಬೇಕು."

ದೊಡ್ಡವ್ವ ಮುಖ ತಿರುಗಿಸಿದರು. ನನಗೆ ಮೇಡಂ ಮೇಲೆ ಸಿಟ್ಟು ಬಂತು. ಅವರು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಸೂರ್ಯ ಮುಳುಗುತ್ತಿತ್ತು, ಕುರಿಯ ಕಿವಿಯ ಒಳಬದಿಗೆ ಟಾರ್ಚ್ ಬಿಟ್ಟು ಬಗ್ಗಿ ನೋಡುತ್ತಿದ್ದರು. ಸೊಳ್ಳೆಗಿಂತ ಬಹಳ ಚಿಕ್ಕದಾದ, ಕಣ್ಣಿಗೆ ಕಸದಂತೆ ಕಾಣುವ ನೊರಜುಗಳು ಅಲ್ಲಿ ಕೂತಿದ್ದವು. ಕೆಸರಿನಿಂದ ಹೊಗೆಯಂತೆ ಇನ್ನಷ್ಟು ಏಳುತ್ತಿದ್ದವು. "ಅಯ್ಯೋ, ಇವರನ್ನ ತಂದು ಎಲ್ಲಿ ಇಟ್ಟಿದಾರೆ ನೋಡು" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ನಾನು ಅವರ ಬಾಯಲ್ಲಿ ಅಯ್ಯೋ ಕೇಳಿದ್ದು ಅದೊಂದೇ ಸಲ.

ಅವರ ಅನುಮಾನ ನೀಲಿ ನಾಲಿಗೆ ರೋಗದ ಮೇಲಿತ್ತು. ಅದು ಕುರಿಗೆ ಕುರಿ ಮೈ ತಾಗಿದರೆ ಅಂಟುವ ಬೇನೆಯಲ್ಲ. ನೊರಜು ಕಚ್ಚಿ ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಎತ್ತು ಎಮ್ಮೆಗಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ವೈರಸ್ಸು ಅವುಗಳ ರಕ್ತದಲ್ಲಿ ಬಹಳ ದಿನ ಇರುತ್ತದೆ. ನೊರಜು ಹುಟ್ಟುವುದು ಕೆಸರಿನಲ್ಲಿ, ಒದ್ದೆ ಸಗಣಿಯಲ್ಲಿ. ಊರು ತನ್ನ ರಕ್ಷಣೆಗೆಂದು ಹಿಂಡನ್ನು ದೂಡಿದ್ದು ಆ ನೊರಜಿನ ತವರಿಗೆ.

ಮಂಗಳವಾರ ನಸುಕಿನಲ್ಲಿ ಯಜಮಾನರು ಮಾತು ಉಳಿಸಿಕೊಂಡರು. ತಾವೇ ಎತ್ತಿನ ಮೂಗುದಾರ ಹಿಡಿದು ನಿಂತರು. ರಕ್ತ ತುಂಬಿ ಚೀಟಿ ಅಂಟಿಸಿದ ಮೇಲೆ ಮೇಡಂ, ಸಂಜೆ ತಮ್ಮೊಡನೆ ಕೆರೆಯ ತನಕ ಬರಬೇಕೆಂದು ಅವರನ್ನು ಕೇಳಿದರು.

"ನಾ ಬಂದು ಏನು ಮಾಡ್ಲಿ?"

"ಏನೂ ಮಾಡೋದು ಬೇಡ. ನಿಮ್ಮ ಪಂಚೆ ಬೆಳ್ಳಗೈತಲ್ಲ, ಅಷ್ಟು ಸಾಕು."

ಸಂಜೆ ಹಿಂಡಿನ ಪಕ್ಕ ನಿಂತ ಯಜಮಾನರ ಬಿಳಿ ಪಂಚೆಯ ಮೇಲೆ ಮೆಣಸು ಉದುರಿಸಿದಂತೆ ನೊರಜು ಕೂತವು. ಮೇಡಂ ಒಂದನ್ನು ಗಾಜಿನ ಕೊಳವೆಗೆ ಹಿಡಿದು ಟಾರ್ಚಿನ ಬೆಳಕಿಗೆ ಎತ್ತಿದರು. ಹೊಟ್ಟೆ ಕೆಂಪಗೆ ಉಬ್ಬಿತ್ತು.

"ಇದರ ಹೊಟ್ಟೇಲಿರೋದು ಯಾರ ರಕ್ತ ಹೇಳಿ ನೋಡಾಣ. ಈ ಕುರೀದೋ, ನಿಮ್ಮ ಎತ್ತಿಂದೋ?"

"ನಾ ಹೆಂಗ ಹೇಳ್ಲಿ ಅದನ್ನ?"

"ನೊರಜಿಗೂ ಗೊತ್ತಿಲ್ಲ. ಅದು ಕುರಿ ಯಾವ್ದು, ಎತ್ತು ಯಾವ್ದು, ಯಾವ ಊರಿಂದು ಅಂತ ಕೇಳಿ ಕಚ್ಚಲ್ಲ. ಇಲ್ಲಿ ಕುಡಿದದ್ದು ನಾಳೆ ನಾಡಿದ್ದು ನಿಮ್ಮ ಕೊಟ್ಟಿಗೆಗೂ ಬರುತ್ತೆ." ಸ್ವಲ್ಪ ಬಿಟ್ಟು ಕೇಳಿದರು, "ಗಾಳಿ ಇರೋ ಕಡೆ ಇದು ಹಾರಕ್ಕಾಗಲ್ಲ. ನಿಮ್ಮೂರಲ್ಲಿ ಯಾವಾಗ್ಲೂ ಗಾಳಿ ಬೀಸೋ ಜಾಗ ಯಾವ್ದು?"

ಯಜಮಾನರು ದಿಬ್ಬದ ಕಡೆ ನೋಡಿದರು. ಉತ್ತರ ಅವರಿಗೆ ಗೊತ್ತಿತ್ತು. ಗಾಳಿ ನೋಡಿಯೇ ಹಿರಿಯರು ದಿಬ್ಬದ ಮೇಲೆ ಜೋಳ ತೂರುವ ಕಣ ಮಾಡಿದ್ದರು.

"ಕಣಕ್ಕ ನಾವು ಚಪ್ಪಲಿ ಬಿಟ್ಟು ಹತ್ತತೀವ್ರಿ. ಅಲ್ಲಿ ಬ್ಯಾನಿ ಬಿದ್ದ ಕುರಿ ತಂದು ಕೂಡಂದ್ರ ಊರಾಗ ಏನಂದಾರು?"

"ಅವರು ಅನ್ನೋದನ್ನ ಅನ್ಲಿ. ಕೆರೇಲಿ ಬಿಟ್ರೆ ಇವು ಉಳಿಯಲ್ಲ. ಅದು ನನಗೆ ಗೊತ್ತು."

ದೊಡ್ಡವ್ವ ಬಿದ್ದ ಕುರಿಯೊಂದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ರಾಗಿ ಗಂಜಿ ಸವರುತ್ತಿದ್ದರು. ಯಜಮಾನರು ಅದನ್ನೇ ನೋಡುತ್ತ ನಿಂತರು. ಆಮೇಲೆ ಪಂಚೆ ಕೊಡವಿಕೊಂಡು, "ಸುಗ್ಗಿ ಬರೋತನಕ ಇರ್ಲಿ. ಹಿಂಡು ನಮ್ಮ ಓಣ್ಯಾಗಿಂದ ಹಾಯಬಾರದು, ಸುತ್ತಿ ಹೊಡಕೊಂಡು ಬರ್ರಿ" ಎಂದರು. ಊರಲ್ಲಿ ಜಗಳವಾಯಿತು ಎಂದು ಆಮೇಲೆ ತಿಳಿಯಿತು. ಅವರು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹಿಂಡು ದಿಬ್ಬ ಹತ್ತಿತು. ಸಂಜೆಗೆ ಬೇವಿನ ಸೊಪ್ಪಿನ ಹೊಗೆ. ನಾವು ಮೂರು ನಾಲ್ಕು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದೆವು. ಮೊದಲೇ ಬಿದ್ದಿದ್ದವುಗಳಲ್ಲಿ ಮೂರು ಸತ್ತವು. ನನ್ನ ದಿನಚರಿಯಲ್ಲಿ "ಹೊಸದಾಗಿ ಬಿದ್ದವು" ಎಂದು ಒಂದು ಸಾಲು ಇಟ್ಟಿದ್ದೆ. ಎರಡು ವಾರ ಕಳೆಯುವ ಹೊತ್ತಿಗೆ ಅಲ್ಲಿ ಸೊನ್ನೆ ಬರೆಯುವಂತಾಯಿತು.

ನವೆಂಬರ್‌ನಲ್ಲಿ ನಾವು ರಕ್ತ ಕಳಿಸಿದ್ದ ದೊಡ್ಡ ಲ್ಯಾಬಿನಿಂದ ಫಲಿತಾಂಶ ಬಂತು. ನೀಲಿ ನಾಲಿಗೆ ರೋಗದ ವೈರಸ್ಸೇ. ಊರ ಕುರಿ, ಗುಡೇಕೋಟೆ ಕುರಿ, ಏನೂ ಆಗದ ನಾಲ್ಕು ಎತ್ತುಗಳು, ಮೂರೂ ಕಡೆ ಒಂದೇ ಬಗೆಯದು. ಮೇಡಂ ಕಟ್ಟೆಗೆ ಹೋಗಿ ಹೇಳಿದರು. ಕೂಡಲೇ ಒಬ್ಬ ಹುರುಪಿನಿಂದ, "ಯಾರ ಎತ್ತ್ರಿ ಅವು?" ಎಂದ. ಇಷ್ಟು ದಿನ ಕುರಿಯವರ ಕಡೆಗಿದ್ದ ಬೆರಳು ತಿರುಗಲು ಇನ್ನೊಂದು ಮನೆ ಹುಡುಕುತ್ತಿತ್ತು.

"ನಿಮ್ದೇ ಇರಬಹುದು. ಹೆಸರು ಹೇಳಲ್ಲ. ಯಾವ ಎತ್ತೂ ಬೇಕಂತ ಮಾಡಿಲ್ಲ" ಎಂದರು ಮೇಡಂ.

ಕಟ್ಟೆಯ ಅಂಚಿಗೆ ಬಂದು ಕುಳಿತಿದ್ದ ದೊಡ್ಡವ್ವನಿಗೆ ಬೇಕಿದ್ದದ್ದು ಬೇರೆ. "ಹಂಗಾರ ನಾವು ತಂದಿಲ್ಲಂತ ಆತಿಲ್ಲೋ? ಎಲ್ಲಾರ ಮುಂದ ಹೇಳಿಬಿಡವ್ವಾ."

"ಮೂರು ಕಡೇನೂ ಸಿಕ್ಕೈತೆ. ಎಲ್ಲಿಂದ ಎಲ್ಲಿಗೆ ಹೋತು ಅನ್ನೋದನ್ನ ಈ ರಕ್ತ ಹೇಳಲ್ಲ, ದೊಡ್ಡವ್ವ. ನೀವು ತಂದ್ರಿ ಅಂತ ಯಾರಾದ್ರೂ ಅಂದ್ರೆ ಅದು ಸುಳ್ಳು ಮಾತು, ಯಾಕಂದ್ರೆ ಯಾರಿಗೂ ಗೊತ್ತಿಲ್ಲ. ತಂದಿಲ್ಲ ಅಂತ ನಾನಂದ್ರೂ ಅದೇ ಲೆಕ್ಕ."

ಕಟ್ಟೆಯಲ್ಲಿ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಅರ್ಥ ಮಾಡಿಕೊಂಡದ್ದು ತಮಗೆ ಬೇಕಾದಷ್ಟನ್ನು ಮಾತ್ರ. ದೊಡ್ಡವ್ವ ಕಂಬಳಿ ಹೆಗಲಿಗೇರಿಸಿ ಎದ್ದರು. "ನಮ್ಮ ಕುರಿ ಉಳಿಸ್ದಿ. ನಮ್ಮ ಹೆಸರು ಉಳಿಸ್ಲಿಲ್ಲ ನೋಡವ್ವಾ ನೀ." ಮಾರನೆಯ ದಿನ ಹಿಂಡು ಕಣ ಬಿಟ್ಟಿತು. ಕರಾರಾಗಿದ್ದ ಮುಂದಿನ ಊರು ಅವರನ್ನು ಕರೆಯಲೇ ಇಲ್ಲ ಎಂದು ಕೇಳಿದೆವು.

ವಾಪಸ್ ಬರುವಾಗ ನಾನು ತಡೆಯದೆ ಕೇಳಿದೆ. "ಒಂದು ಮಾತು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ಮೇಡಂ?"

ಅವರು ಬಸ್ಸಿನ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು. "ಇವತ್ತು ಪಾಪ ಅನ್ನಿಸ್ತು ಅಂತ ಕುರಿಯವಳ ಪರ ಹೇಳ್ತೀನಿ. ನಾಳೆ ಇನ್ನೊಬ್ಬ ಗೌಡ ಕೈ ಮುಗಿತಾನೆ, ಅವನ ಪರ ಹೇಳಿಸ್ತಾನೆ. ಆಮೇಲೆ ನನಗೆ ನಿಜ ಗೊತ್ತಿರೋ ದಿನ ಯಾರು ನಂಬ್ತಾರೆ?" ಹಗರಿಬೊಮ್ಮನಹಳ್ಳಿಯಲ್ಲಿ ಇಳಿದೆವು. ಅಂದು ಮೇಡಂ ಮಂಡಕ್ಕಿ ಅಂಗಡಿಯ ಮುಂದೆ ನಿಲ್ಲಲಿಲ್ಲ.

ಮನೆಯಲ್ಲಿ ಇದನ್ನೆಲ್ಲ ದೂರಿಕೊಂಡೆ. ಅಬ್ಬಾ ಕಾಯಿಲ್ ಸುತ್ತುತ್ತಲೇ, "ಮೋಟರ್ ಯಾಕ ಸುಡ್ತು ಅಂತ ತಮಗ ತಿಳೀದಿದ್ರೂ ಓನರಿಗೆ ಬೈಯೋ ಮೆಕ್ಯಾನಿಕ್ ಭಾಳ ಮಂದಿ ಅದಾರ ಬೇಟಾ" ಎಂದರು. ಅದು ಮೇಡಂ ಪರವೆಂದು ಗೊತ್ತಾಯಿತು. ನನ್ನ ಸಿಟ್ಟು ಇಳಿಯಲಿಲ್ಲ.

ಆದರೆ ಮೇಡಂ ಆ ಪ್ರಶ್ನೆಯನ್ನು ಅಲ್ಲಿಗೆ ಬಿಟ್ಟಿರಲಿಲ್ಲ. ಡಿಸೆಂಬರ್‌ನಲ್ಲಿ ಒಂದು ದಿನ ಬೆಳಿಗ್ಗೆ ಲ್ಯಾಬಿಗೆ ಹೋದರೆ, ಅವರು ಡೀಪ್ ಫ್ರೀಜರಿನೊಳಗೆ ಮೊಣಕೈವರೆಗೆ ಕೈ ಹಾಕಿ ನಿಂತಿದ್ದರು. ಆ ಊರಿನ ಆಕಳು ಎಮ್ಮೆಗಳ ರಕ್ತವನ್ನು ಏಪ್ರಿಲ್‌ನಲ್ಲಿ, ತಿಂಗಳು ತುಂಬುವ ಮೊದಲೇ ಕಂದು ಹಾಕುವ ರೋಗದ ತಪಾಸಣೆಗೆಂದು ತೆಗೆದಿದ್ದರಂತೆ. ಆಗ ದೊಡ್ಡವ್ವನ ಹಿಂಡು ಗುಡೇಕೋಟೆಯ ಗುಡ್ಡದಲ್ಲೇ ಮೇಯುತ್ತಿತ್ತು. ಪರೀಕ್ಷೆ ಮುಗಿದರೂ ಉಳಿದ ಸೀರಮ್ಮನ್ನು ಮೇಡಂ ಎಸೆಯುತ್ತಿರಲಿಲ್ಲ. "ಆ ದನಗಳ ಮೈ ಈ ವೈರಸ್ಸನ್ನ ಮೊದಲೇ ಕಂಡಿದ್ರೆ ಅದರ ಗುರುತು ಇದರಲ್ಲಿ ಇರ್ಬೇಕು" ಎಂದರು. ಹಿಮ ಕಟ್ಟಿದ ಚೀಟಿಗಳನ್ನು ಒಂದೊಂದಾಗಿ ಒರೆಸಿ ಓದಿ, ಆ ಊರಿನವನ್ನು ಬೇರೆ ಮಾಡಿದೆವು. ಬೆರಳುಗಳು ಮರಗಟ್ಟಿದ್ದವು. ನನ್ನ ಕೈಗಳನ್ನು ತಮ್ಮ ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿದರು. ಇದನ್ನು ಯಾರಿಗೂ ಹೇಳಬೇಡ ಎನ್ನುವಂತೆ ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು.

ಆ ಬಗೆಯ ಪರೀಕ್ಷೆ ದೊಡ್ಡ ಲ್ಯಾಬಿನಲ್ಲೂ ತಡವಾಗುವಂಥದ್ದು. ಉತ್ತರ ಬರುವಷ್ಟರಲ್ಲಿ ಬೇಸಿಗೆ. ಅಷ್ಟರಲ್ಲಿ ಮೇಡಂ ದಾವಣಗೆರೆಯ ಆಸ್ಪತ್ರೆಯಲ್ಲಿದ್ದರು. ಕರುಳಿನ ಕ್ಯಾನ್ಸರು, ಅವರಿಗೆ ಮೊದಲೇ ಗೊತ್ತಿತ್ತು, ನಮಗೆ ಹೇಳಿರಲಿಲ್ಲ. ನಾನು ಮಂಚದ ಪಕ್ಕ ನಿಂತು ಓದಿ ಹೇಳಿದೆ. ಏಪ್ರಿಲ್‌ನಲ್ಲಿ ತೆಗೆದ ಸೀರಮ್ಮುಗಳಲ್ಲಿ ಹಲವಕ್ಕೆ ಅದೇ ಬಗೆಯ ವೈರಸ್ಸಿನ ಪ್ರತಿಕಾಯಗಳಿದ್ದವು. ಹಿಂಡು ಬರುವ ಎಷ್ಟೋ ಮೊದಲೇ ಆ ವೈರಸ್ಸು ಆ ಊರಿನ ದನಗಳನ್ನು ಹಾದು ಹೋಗಿತ್ತು.

"ಇನ್ನೊಂದ್ಸಲ ಓದು" ಎಂದರು. ಓದಿದೆ.

"ಈಗ ಗೊತ್ತಾತು. ಹೋಗಿ ಹೇಳಿ ಬಾ. ಮೊದ್ಲು ಊರಿಗೆ, ಆಮೇಲೆ ಅವಳಿಗೆ. ಅವಳ ಹೆಸರು ಹಾಳಾಗಿದ್ದು ಊರಲ್ಲೇ ಅಲ್ವಾ."

ನಾನು ಹೋದೆ. ಯಜಮಾನರು ಎಲ್ಲ ಕೇಳಿ, ನನ್ನ ಎದುರಿಗೇ ಮುಂದಿನ ಊರಿನವರಿಗೆ ಫೋನು ಹಚ್ಚಿದರು. "ಕುರಿಯವ್ರದು ಏನೂ ತಪ್ಪಿಲ್ಲಂತ. ನಮ್ಮ ದನದಾಗ ಮೊದ್ಲ ಇತ್ತಂತ. ಡಾಕ್ಟ್ರಮ್ಮ ಹೇಳಿ ಕಳಿಸ್ಯಾಳ" ಎಂದರು. ಆ ಕಡೆಯಿಂದ ಏನೋ ಪ್ರಶ್ನೆ ಬಂತು. "ಏ, ಆಯಮ್ಮ ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಾಕಿ ಮಾರಾಯ. ಈಗ ಗೊತ್ತೈತಿ ಅಂತಾಳ ಅಂದ್ರ ಮುಗೀತು" ಎಂದರು. ಬಸ್ಸಿನಲ್ಲಿ ಮೇಡಂ ಹೇಳಿದ್ದು ನನಗೆ ಅರ್ಥವಾದದ್ದು ಆಗ. ಆದರೂ ಕಣ ಬಿಟ್ಟು ನಡೆದ ದೊಡ್ಡವ್ವನ ಬೆನ್ನು ನೆನಪಾದರೆ ಹಳೆಯ ಸಿಟ್ಟಿನ ಒಂದು ಚೂರು ಇನ್ನೂ ಒಳಗಿದೆ. ಮೇಡಂ ಇದ್ದಿದ್ದರೆ ಅದನ್ನೂ ಬರೆದಿಡು ಎನ್ನುತ್ತಿದ್ದರು.

ನಾನು ಮತ್ತೆ ದಾವಣಗೆರೆ ಮುಟ್ಟುವ ಮೊದಲೇ ಮೇಡಂ ಹೋಗಿಬಿಟ್ಟರು. ಊರಿಗೆ ಹೇಳಿದ್ದನ್ನು ಅವರಿಗೆ ತಿಳಿಸಲಾಗಲಿಲ್ಲ. ಅವರು ವಹಿಸಿದ ಕೆಲಸದ ಉಳಿದರ್ಧ ಇನ್ನೂ ನನ್ನ ಮೇಲಿದೆ. ದೊಡ್ಡವ್ವನ ಅಳಿಯನ ಫೋನ್ ನಂಬರು ಬೇರೆ ಯಾರದೋ ಆಗಿದೆ. ಗುಡೇಕೋಟೆಗೆ ಎರಡು ಸಲ ಹೋಗಿ ಬಂದೆ. ಮಳೆಗಾಲಕ್ಕೂ ಹಿಂಡು ತಿರುಗಿ ಬಂದಿಲ್ಲ, ಕಾನಹೊಸಹಳ್ಳಿ ದಾಟಿ ಪೂರ್ವಕ್ಕೆ ಹೋಯಿತು ಎಂದಷ್ಟೇ ಹೇಳಿದರು. ಹಳೆಯ ದಾರಿಯಲ್ಲಿ ಮುಖ ತೋರಿಸಲು ಅವರಿಗೆ ಮನಸ್ಸಿಲ್ಲವಂತೆ.

ಇದನ್ನು ಓದುವವರಲ್ಲಿ ಕುರಿಗಾರರಿದ್ದರೆ, ಕುರಿ ತರುಬಿಸಿಕೊಳ್ಳುವ ಹೊಲದವರಿದ್ದರೆ, ಸಂತೆಗೆ ಕುರಿ ಹೊಡೆಯುವವರಿದ್ದರೆ ಒಂದು ಕೋರಿಕೆ. ಹಿಂಡಿನ ಕುರಿಗಳ ಎಡಗಿವಿಯ ತುದಿಯಲ್ಲಿ ಎರಡು ಕತ್ತರಿ ಗುರುತುಗಳಿರುತ್ತವೆ. ದೊಡ್ಡವ್ವ ಸ್ವಲ್ಪ ಎಡಕ್ಕೆ ವಾಲಿ ನಡೆಯುತ್ತಾರೆ. ಎಲ್ಲಾದರೂ ಕಂಡಿದ್ದರೆ, ಅವರ ವಿಷಯ ಇದಕ್ಕಿಂತ ಹೆಚ್ಚು ಗೊತ್ತಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. ಆದರೆ ಬರೆಯುವುದು ಆಮೇಲೆ. ಮೊದಲು ಅವರಿಗೆ ಹೇಳಿ: ಬೇನೆ ನಿಮ್ಮ ಕುರಿ ತಂದದ್ದಲ್ಲ, ಡಾಕ್ಟರಮ್ಮ ನೋಡಿ, ಗೊತ್ತು ಮಾಡಿಕೊಂಡು ಹೇಳಿದ್ದಾರೆ.